ಸತ್ತ ಜಿರಲೆ ಎಂಬ ಗಗನನೌಕೆ

ನನಗೆ ಗೊತ್ತಿರುವ ಮಟ್ಟಿಗೆ ನನ್ನ ಭಾವ ಇಡೀ ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದರು. ಅದೂ ಮೈಕಿನ ಮುಂದೆ ನಿಂತು, ಇನ್ನೂರು ಜನರ ಎದುರಿಗೆ, ನನ್ನ ಸಲುವಾಗಿ. ಆ ಸುಳ್ಳು ಅವರ ಮನೆಯ ಹತ್ತೊಂಬತ್ತು ವರ್ಷಗಳನ್ನು ತಿಂದು ಹಾಕಿತು. ಅದರ ನೆರಳಲ್ಲಿ ಬದುಕಿದ ನಾನು ಮಾತ್ರ ಗುಂಡುಕಲ್ಲಿನ ಹಾಗೆ ಇದ್ದೇನೆ, ಬಾಯಲ್ಲಿ ಹಲ್ಲೂ ಪೂರ್ತಿ ಇವೆ. ಇಂಥ ಹಲ್ಲಿಗೆ ಏನು ಹೇಳೋಣ!

ಭಾವ ಬೋರ್ಡು ಬರೆಯುವವರು. ಕ್ಷೌರದಂಗಡಿ, ಟೈರ್ ಅಂಗಡಿ, ಹಲ್ಲಿನ ಡಾಕ್ಟರು, ಟೈಪಿಂಗ್ ಶಾಲೆ, ನಮ್ಮ ಬೀದಿಯ ಅರ್ಧ ಹೆಸರುಗಳು ಅವರ ಕೈಯಿಂದಲೇ ಬಂದವು. ಗೆರೆ ಎಳೆದುಕೊಳ್ಳದೆ ಏಣಿಯ ಮೇಲೆ ನಿಂತು ಶುರುಮಾಡಿದರೆ ಕೊನೆಯ ಅಕ್ಷರ ಬೋರ್ಡಿನ ಅಂಚಿಗೆ ಎರಡು ಬೆರಳು ಬಿಟ್ಟು ನಿಲ್ಲುತ್ತಿತ್ತು. ಹಲ್ಲಿನ ಡಾಕ್ಟರಿಗೆ ಅವರು ಬರೆದ ಹಲ್ಲು ಎಷ್ಟು ನಿಜದಂತಿತ್ತೆಂದರೆ, ಅದನ್ನು ನೋಡಿದ ರೋಗಿಗಳು ಮೆಟ್ಟಿಲಿನಿಂದಲೇ ವಾಪಸು ಹೋಗುತ್ತಾರೆ ಎಂದು ಡಾಕ್ಟರು ತಕರಾರು ತೆಗೆದಿದ್ದರು. ಬರೆದ ಯಾವುದರ ಕೆಳಗೂ ಭಾವ ತಮ್ಮ ಹೆಸರು ಹಾಕುತ್ತಿರಲಿಲ್ಲ. "ಅಂಗಡಿ ಅವನದು, ಹೆಸರೂ ಅವನದೇ ಇರ್ಲಿ, ಮಧ್ಯೆ ನಂದೇನು?" ಎನ್ನುತ್ತಿದ್ದರು.

ನಾನು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವವನು. ಕಂಪ್ಯೂಟರು ಬರುವ ಮೊದಲಿನ ಮಾತು. ನಮ್ಮಲ್ಲಿ ವಿಜ್ಞಾನ ಕಥೆಗಳ ಒಂದು ಮಾಸಪತ್ರಿಕೆ ಅಚ್ಚಾಗುತ್ತಿತ್ತು. ಗಗನನೌಕೆ ಬರೆಯಲು ಜನ ಸಿಗುತ್ತಿಲ್ಲ ಎಂದು ಸಂಪಾದಕರು ಒದ್ದಾಡುತ್ತಿದ್ದಾಗ ಭಾವನನ್ನು ಕರೆದುಕೊಂಡು ಹೋದವನು ನಾನೇ. ಅವರು ಬರೆದ ಮೊದಲ ನೌಕೆ ಥೇಟ್ ಕುಕ್ಕರಿನಂತಿತ್ತು, ಮೇಲೊಂದು ಸೀಟಿ ಸಮೇತ. ಅಂದಿನಿಂದ ಅಚ್ಚುಕೂಟದಲ್ಲಿ ಅವರು ಕುಕ್ಕರಣ್ಣ ಆದರು.

"ಅಲ್ಲ ಭಾವ, ಆಕಾಶಕ್ಕೆ ಹಾರೋದಕ್ಕೆ ಸೀಟಿ ಯಾಕೆ?" ಎಂದು ಕೇಳಿದ್ದೆ.

"ನೋಡು ಭಾಮೈದ, ಮೇಲಕ್ಕೆ ಹೋಗೋರೂ ನಮ್ಮಂಥವರೇ ತಾನೇ? ಮನೆ ಬಿಟ್ಟು ಅಷ್ಟು ದೂರ ಹೋದಾಗ ಕಣ್ಣಿಗೆ ಒಂದಾದ್ರೂ ಗುರುತಿನ ಸಾಮಾನು ಬೇಡ್ವಾ?"

ಅವರ ನೌಕೆಗಳೆಲ್ಲ ಹಾಗೆಯೇ. ಒಂದು ಹೊಲಿಗೆ ಯಂತ್ರ, ಒಂದು ಛತ್ರಿ, ಒಂದು ಬೀಗ. ನೋಡಿದವರು ಮೊದಲು ನಗುತ್ತಿದ್ದರು, ಆಮೇಲೆ ಎರಡು ನಿಮಿಷ ಹೆಚ್ಚು ನೋಡುತ್ತಿದ್ದರು.

ಅಕ್ಕನ ಬಗ್ಗೆ ಹೇಳಬೇಕಾದರೆ ಅವಳ "ರೀ" ಬಗ್ಗೆ ಹೇಳಬೇಕು. ಗಂಡನನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ, ಆದರೆ ಅಕ್ಕನ ಒಂದು ಅಕ್ಷರದಲ್ಲಿ ಇಡೀ ಸಂಸಾರ ಇತ್ತು. ಚಿಕ್ಕದಾಗಿ ಕಡಿದು ಹೇಳಿದರೆ ಊಟಕ್ಕೆ ಬನ್ನಿ ಎಂದು. ಎಳೆದು ಹೇಳಿದರೆ ಏನೋ ಮರೆತು ಬಂದಿದ್ದೀರಿ ಎಂದು. ಕೊನೆಯಲ್ಲಿ ಮೇಲಕ್ಕೆತ್ತಿದರೆ ಯಾರೋ ಬಂದಿದ್ದಾರೆ, ಅಂಗಿ ಹಾಕಿಕೊಳ್ಳಿ ಎಂದು. ಬಣ್ಣದ ಡಬ್ಬಿಯ ಮುಂದೆ ಕುಳಿತ ಭಾವ ತಲೆ ಎತ್ತದೆ, "ಇದು ಮೂರನೇ ನಮೂನೆ" ಎಂದು ನನಗೆ ಕಣ್ಣು ಹೊಡೆದು ಅಂಗಿ ಹುಡುಕುತ್ತಿದ್ದರು.

ಮದುವೆಯಾಗಿ ಎಂಟು ವರ್ಷಕ್ಕೆ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು, ಎರಡು ತಿಂಗಳು ಮೊದಲೇ. ಅಂಗೈಯಗಲದ ಮಗು. ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದರು. ಮೇಲೆ ಕಮಾನಿನಂಥ ಗಾಜಿನ ಮುಚ್ಚಳ, ಕೆಳಗೆ ನಾಲ್ಕು ಸಣಕಲು ಕಾಲು, ಪಕ್ಕದಲ್ಲಿ ಕೈ ತೂರಿಸಲು ಎರಡು ದುಂಡು ಬಾಗಿಲು. ನಾನೂ ಹೋಗಿ ನೋಡಿದ್ದೆ. ಅಕ್ಕ ಒಂದು ಬಾಗಿಲಿನಿಂದ ಕೈ ಹಾಕಿ ಮಗುವಿನ ತಲೆ ಮುಟ್ಟುತ್ತಿದ್ದಳು, ಭಾವ ಇನ್ನೊಂದರಿಂದ ಪಾದ ಮುಟ್ಟುತ್ತಿದ್ದರು. ಹಾಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ಆ ಪೆಟ್ಟಿಗೆಯನ್ನು ಒರೆಸಿ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಆಮೇಲೆ ಆ ಮನೆಯಲ್ಲಿ ಮಕ್ಕಳಾಗಲಿಲ್ಲ, ಆ ಮಾತೂ ಬರಲಿಲ್ಲ.

ಮೂರು ವರ್ಷ ಕಳೆದ ಮೇಲೆ ಪತ್ರಿಕೆಗೆ ಒಂದು ಕಥೆ ಬಂತು. ಭೂಮಿ ತಣ್ಣಗಾಗಿ ಸತ್ತುಹೋಗುತ್ತಿರುವಾಗ, ಮಲಗಿರುವ ಒಂದೇ ಒಂದು ಮಗುವನ್ನು ಹೊತ್ತು ದೂರ ಹೋಗುವ ನೌಕೆಯ ಕಥೆ. ಭಾವ ಅದನ್ನು ಮನೆಗೆ ಒಯ್ದು ನಾಲ್ಕು ಸಲ ಓದಿದರು. ಚಿತ್ರ ಕೊಟ್ಟು ಹೋದ ದಿನ ಚಹಾ ಕೂಡ ಕುಡಿಯದೆ ಹೋದರು. ಚಿತ್ರ ಬ್ಲಾಕು ಮಾಡುವವರ ಹತ್ತಿರ ಹೋಗಿ ಸತುವಿನ ತಗಡಾಗಿ, ಮರದ ತುಂಡಿನ ಮೇಲೆ ಕೂತು ನನ್ನ ಕೈಗೆ ಬಂತು. ಮೂಲ ಚಿತ್ರ ಅಲ್ಲೇ ಎಲ್ಲೋ ಕಳೆದುಹೋಯಿತು.

ಈಗ ನನ್ನ ಕಸುಬಿನ ಒಂದು ವಿಚಾರ ಹೇಳಬೇಕು, ಇಲ್ಲದಿದ್ದರೆ ನನ್ನ ಪಾಪ ನಿಮಗೆ ಅರ್ಥವಾಗುವುದಿಲ್ಲ. ನಾವು ಅಕ್ಷರವನ್ನು ತಲೆಕೆಳಗಾಗಿ ಓದುವ ಜನ. ಕಟ್ಟಿದ ಪುಟ ಕಲ್ಲಿನ ಮೇಲೆ ಮಲಗಿರುವಾಗ ಅದರ ತಲೆ ನಮ್ಮ ಹೊಟ್ಟೆಯ ಕಡೆಗೆ, ಬುಡ ಆಚೆ ಕಡೆಗೆ. ಆದ್ದರಿಂದ ಚಿತ್ರ ಸರಿಯಾಗಿ ಕೂತಿದ್ದರೆ ನಮ್ಮ ಕಣ್ಣಿಗೆ ಅದು ಶೀರ್ಷಾಸನ ಹಾಕಿದಂತೆ ಕಾಣಬೇಕು. ನಮ್ಮಲ್ಲಿ ಕಣ್ಣಿಗೆ ನೆಟ್ಟಗೆ ಕಂಡದ್ದೇ ತಪ್ಪು. ಹದಿನಾಲ್ಕು ವರ್ಷದ ಅಭ್ಯಾಸ ನನ್ನದು. ಅವತ್ತು ಯಾವ ದರಿದ್ರ ಗಳಿಗೆಯೋ, ಬ್ಲಾಕು ಕೈಗೆತ್ತಿಕೊಂಡವನಿಗೆ ನಾಲ್ಕು ಕಾಲು ಕಂಡವು. ಕಾಲು ಅಂದಮೇಲೆ ಕೆಳಗಿರಬೇಕಲ್ಲ ಎಂದು, ಬೀದಿಯಲ್ಲಿ ಹೋಗುವ ಯಾವನೋ ದಾರಿಹೋಕನ ಹಾಗೆ ಯೋಚಿಸಿ, ಕಾಲನ್ನು ನನ್ನ ಕಡೆಗೆ ಮಾಡಿ ಕೂರಿಸಿ ಬಿಗಿದುಬಿಟ್ಟೆ. ಅಷ್ಟೇ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ.

ಪ್ರೂಫ್ ನೋಡುವವರು ನಿವೃತ್ತ ಮೇಷ್ಟ್ರು. ಒತ್ತಕ್ಷರ ತಪ್ಪಿದರೆ ಹಾರಿ ಬೀಳುತ್ತಿದ್ದವರು. ಆ ಪುಟ ನೋಡಿ, "ಏನಪ್ಪಾ ಇದು, ಕುಕ್ಕರಣ್ಣ ಈ ಸಲ ಸತ್ತ ಜಿರಲೆ ಬರೆದಿದ್ದಾನಲ್ಲ!" ಎಂದು ನಕ್ಕು ಸಹಿ ಮಾಡಿದರು. ಅವರನ್ನು ಬೈದು ಏನು ಬಂತು? ಚಿತ್ರಕ್ಕೆ ಕಾಗುಣಿತ ಇಲ್ಲ, ಗಗನನೌಕೆಗೆ ಮೇಲೆ ಕೆಳಗೆ ಇಲ್ಲ.

ಅಚ್ಚಾದ ಪ್ರತಿ ಕೈಗೆ ಬಂದ ದಿನ ಭಾವ ಅಚ್ಚುಕೂಟದಲ್ಲೇ ನಿಂತು ಬಣ್ಣ ಹತ್ತಿದ ಬೆರಳಿನಿಂದ ಆ ಪುಟ ತೆರೆದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪತ್ರಿಕೆಯನ್ನು ನಿಧಾನವಾಗಿ ತಿರುಗಿಸಿ ಹಿಡಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಆಗ ಕಂಡಿತು: ಗಾಜಿನ ಕಮಾನು, ನಾಲ್ಕು ಸಣಕಲು ಕಾಲು, ಎರಡು ದುಂಡು ಬಾಗಿಲು.

"ಭಾವ... ನಾನು... ಕಾಲು ನೋಡಿ..."

"ಶ್! ಮಾಲೀಕರು ಒಳಗಿದ್ದಾರೆ. ಹೋದ ವರ್ಷ ಆ ದೊಡ್ಡ ಮನುಷ್ಯರ ಫೋಟೋ ತಲೆಕೆಳಗೆ ಹಾಕಿದವನ ಗತಿ ಏನಾಯ್ತು, ನೆನಪಿದೆ ತಾನೇ?"

ನೆನಪಿತ್ತು. ಅವನನ್ನು ಅದೇ ಸಂಜೆ ಮನೆಗೆ ಕಳಿಸಿದ್ದರು. ನನ್ನ ಹೆಂಡತಿ ಆಗ ತುಂಬು ಬಸುರಿ. ಭಾವ ಪತ್ರಿಕೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಬಿಡು, ಯಾರಿಗೆ ಗೊತ್ತಾಗತ್ತೆ" ಎಂದು ಏಣಿ ಹೆಗಲಿಗೇರಿಸಿ ಹೋದರು. ನಿಜ ಹೇಳುತ್ತೇನೆ, ನನಗೆ ಬೇಸರಕ್ಕಿಂತ ಹೆಚ್ಚಾಗಿ ಬದುಕಿದೆಯಾ ಬಡಜೀವವೇ ಅನ್ನಿಸಿತ್ತು.

ಆದರೆ ಜನರಿಗೆ ಚಿತ್ರ ಮರೆಯಲಿಲ್ಲ. ಜಿರಲೆ ಜಿರಲೆ ಎಂದು ಓದುಗರ ಕಾಗದಗಳು ಬಂದವು. ಸಂಪಾದಕರಿಗೆ ಮೂಗಿಗಿಂತ ಮೂಗುತಿ ಭಾರವಾಗಿದ್ದ ಕಾಲ ಅದು, ಪತ್ರಿಕೆ ಹೇಗಾದರೂ ಓಡಬೇಕಿತ್ತು. ಅವರಿಗೊಂದು ತಮಾಷೆ ಹೊಳೆಯಿತು. ವಾಚನಾಲಯದ ಸಭಾಂಗಣದಲ್ಲಿ ಭಾನುವಾರ ಬೆಳಗ್ಗೆ ಚರ್ಚಾಕೂಟ. ವಿಷಯ: ವಿಜ್ಞಾನ ಕಥೆಗಳಲ್ಲಿ ಅತ್ಯಂತ ಕುರೂಪಿ ಗಗನನೌಕೆ ಯಾವುದು? ಕೊನೆಗೆ ಕೈ ಎತ್ತಿಸಿ ತೀರ್ಪು, ಗೆದ್ದ ನೌಕೆಯ ಕಲಾವಿದರಿಗೆ ತಗಡಿನ ಪದಕ.

ವಿಷಯ ಹೇಳದೆ ಭಾವನನ್ನು ಕರೆದರು. "ವೇದಿಕೆ ಮೇಲೆ ಕೂರಿಸ್ತಾರಂತೆ ಕಣೇ" ಎಂದು ಭಾವ ಅಕ್ಕನಿಗೆ ಹೇಳಿದರು, ನನ್ನ ಎದುರಿಗೇ. ಅಕ್ಕ ಪತ್ರಿಕೆ ಓದುವವಳಲ್ಲ. ಆ ಸಂಚಿಕೆಯನ್ನು ಭಾವ ಮನೆಗೆ ತಂದೇ ಇರಲಿಲ್ಲ. ಗಂಡನಿಗೆ ಏನೋ ಸನ್ಮಾನ ಎಂದು ಅವಳು ಒಳ್ಳೆಯ ಸೀರೆ ಉಟ್ಟು ಹೊರಟಳು. ನಾನೇಕೆ ತಡೆಯಲಿಲ್ಲ? ತಡೆಯಲು ಕಾರಣ ಹೇಳಬೇಕಿತ್ತು, ಅದಕ್ಕೆ.

ಸಭಾಂಗಣದಲ್ಲಿ ಮೂರು ದೊಡ್ಡ ಹಾಳೆಗಳನ್ನು ಅಂಟಿಸಿದ್ದರು. ಒಂದು ಇಸ್ತ್ರಿಪೆಟ್ಟಿಗೆಯಂಥ ನೌಕೆ, ಒಂದು ಹೂಕೋಸಿನಂಥದ್ದು, ಮೂರನೆಯದು ನಮ್ಮದು. ಮೊದಲೆರಡು ಪತ್ರಿಕೆಯಲ್ಲಿ ಭಾವನಿಗಿಂತ ಮುಂಚೆ ಇದ್ದ ಕಲಾವಿದರದು. ನಮ್ಮದನ್ನು ಅಚ್ಚಾದ ಪುಟ ನೋಡಿಯೇ ದೊಡ್ಡದು ಮಾಡಿದ್ದರು, ಕಾಲು ಮೇಲೆ. ಮೊದಲ ಸಾಲಿನಲ್ಲಿ ಅಚ್ಚುಕೂಟದ ಮಾಲೀಕರು. ಎಡಗಡೆ ಹೆಂಗಸರ ನಡುವೆ ಅಕ್ಕ.

ಹೂಕೋಸಿನ ವಿರುದ್ಧ ಮಾತಾಡಿದವರು ಒಬ್ಬ ಬಸ್ ಕಂಡಕ್ಟರು, ನಮ್ಮ ಹಳೆಯ ಓದುಗ. "ಸ್ವಾಮೀ, ಇದಕ್ಕೆ ಬಾಗಿಲು ಎಲ್ಲಿ? ಹಿಂದಿನಿಂದ ಹತ್ತಬೇಕಾ, ಮುಂದಿನಿಂದಲಾ? ಸಂದಿ ಸಂದೀಲಿ ಕೂತ್ಕೊಂಡು ಟಿಕೆಟ್ ತಗೊಳ್ಳದೇ ಇರೋರನ್ನ ಯಾರು ಹುಡುಕ್ತಾರೆ?" ಎಂದರು. ಜನ ಬಿದ್ದು ಬಿದ್ದು ನಕ್ಕರು.

ಇಸ್ತ್ರಿಪೆಟ್ಟಿಗೆಯ ಸರದಿ ನನ್ನದು. ಬಾಯಿಬಡುಕ ಎಂದು ಸಂಪಾದಕರು ನನಗೆ ವಹಿಸಿದ್ದರು. ಇದೊಂದು ಗೆದ್ದರೆ ಭಾವ ಉಳಿದಾರು ಎಂದು ನಾನು ಪ್ರಾಣ ಒತ್ತೆಯಿಟ್ಟು ವಾದಿಸಿದೆ.

"ಗಾಳಿಯೇ ಇಲ್ಲದ ಕಡೆ ಇದಕ್ಕೆ ಮೂಗು ಯಾಕೆ ಇಷ್ಟು ಚೂಪು? ಯಾರನ್ನ ಚುಚ್ಚೋಕೆ? ಬೆನ್ನ ಮೇಲೆ ಹಿಡಿ ಬೇರೆ. ಇದನ್ನ ಹಿಡ್ಕೊಂಡು ಓಡಾಡಿಸೋ ಕೈ ಎಲ್ಲಿದೆ ತೋರಿಸಿ! ತಳ ಬಿಸಿ, ಒಳಗೆ ಜನ. ಇಳಿಯೋ ಹೊತ್ತಿಗೆ ಗಗನಯಾತ್ರಿಗಳ ಪ್ಯಾಂಟು ಮಾತ್ರ ಗರಿಗರಿಯಾಗಿರತ್ತೆ!"

ಚಪ್ಪಾಳೆ ಬಿತ್ತು. ನಾನು ಬಿಡಲಿಲ್ಲ. ರೆಕ್ಕೆ ಇಲ್ಲ ಎಂದೆ, ಇದ್ದಿದ್ದರೂ ದಂಡ ಎಂದೆ, ಕಿಟಕಿ ಸಾಲದು ಎಂದೆ, ಇಂಥದ್ದು ಬಂದಿಳಿದರೆ ಬೇರೆ ಗ್ರಹದವರು ಬಟ್ಟೆ ತಂದುಕೊಟ್ಟು ಹೋಗುತ್ತಾರೆ ಎಂದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಸತ್ಯ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಕೂತೆ.

ಕೊನೆಗೆ ಎದ್ದವರು ಪ್ರೂಫ್ ಮೇಷ್ಟ್ರು. ಕೋಲಿನಿಂದ ಮೂರನೆಯ ಹಾಳೆ ಮುಟ್ಟಿ, "ಇದಕ್ಕೆ ಭಾಷಣ ಬೇಕಾ? ಹೀಗೆ ಕಾಲು ಮೇಲೆ ಮಾಡ್ಕೊಂಡು ಬಿದ್ದಿರೋದನ್ನ ನಾವು ಮನೇಲಿ ಏನ್ ಮಾಡ್ತೀವಿ? ಪೊರಕೆ ತಗೊಂಡು ಗುಡಿಸಿ ಹೊರಗೆ ಹಾಕ್ತೀವಿ. ಕುಕ್ಕರಣ್ಣ ಇದರೊಳಗೆ ಮಗೂನ ಮಲಗಿಸಿದ್ದಾನೆ!" ಎಂದರು. ಚಾವಣಿ ಹಾರುವಂತೆ ನಗು.

ನಾನು ಅಕ್ಕನ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಕತ್ತು ಒಂದು ಪಕ್ಕಕ್ಕೆ ವಾಲಿಸಿ ಹಾಳೆಯನ್ನೇ ನೋಡುತ್ತಿದ್ದಳು. ಅವಳ ಬಲಗೈ ತೊಡೆಯ ಮೇಲೆ ಅರ್ಧ ಎದ್ದು, ಬೆರಳು ಚಾಚಿ, ಹಾಗೆಯೇ ನಿಂತಿತ್ತು. ಅವಳಿಗೆ ಗುರುತು ಸಿಕ್ಕಿತು ಎಂದು ನನಗೆ ತಿಳಿಯಿತು.

ಕೈಗಳೆಲ್ಲ ಜಿರಲೆಗೇ ಎದ್ದವು. ಸಂಪಾದಕರು ತಗಡಿನ ಪದಕ ಹಿಡಿದು, ಮೈಕು ಭಾವನ ಬಾಯಿಗೆ ಒಡ್ಡಿದರು. "ಹೇಳಿ ಕುಕ್ಕರಣ್ಣ, ಇದನ್ನ ನಿಜವಾಗ್ಲೂ ಹೀಗೇ ಬರೆದ್ರಾ, ಇಲ್ಲಾ ನಮ್ಮ ಅಚ್ಚುಕೂಟದೋರು ಏನಾದ್ರೂ ಎಡವಟ್ಟು ಮಾಡಿದ್ರಾ?"

ಅದು ತಮಾಷೆಯ ಪ್ರಶ್ನೆ. ಆದರೆ ಮೊದಲ ಸಾಲಿನ ಮಾಲೀಕರು ನಗು ನಿಲ್ಲಿಸಿ ಮುಂದಕ್ಕೆ ಬಾಗಿದರು. ಭಾವ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಇಲ್ಲ ಸಾರ್," ಎಂದರು ಭಾವ. "ನಾನೇ ಹಾಗೆ ಬರೆದದ್ದು. ನಗು ಬರ್ಲಿ ಅಂತ."

ಅಕ್ಕ ಎದ್ದು ಹೋದಳು.

ಅಂದಿನಿಂದ ಆ ಮನೆಯಲ್ಲಿ "ರೀ" ನಿಂತಿತು. ಅಕ್ಕ ಜಗಳ ಆಡಲಿಲ್ಲ, ಅತ್ತು ಕರೆದು ಮಾಡಲಿಲ್ಲ, ಅಡುಗೆ ಬಿಡಲಿಲ್ಲ. ಗಂಡನನ್ನು ಕರೆಯುವುದನ್ನು ಮಾತ್ರ ಬಿಟ್ಟಳು. "ಊಟಕ್ಕೆ ಬರೋರು ಬರಬಹುದು" ಎಂದು ಗೋಡೆಗೆ ಹೇಳುವಳು. "ಸಾಬೂನು ಮುಗಿದಿದೆ, ತರೋರು ತರಬಹುದು." ಭಾವನೂ ಗೋಡೆಗೇ ಉತ್ತರ ಕೊಡುವರು. "ಗೋಡೆಗೂ ಕಿವಿ ಇರತ್ತೆ ಅಂತಾರೆ, ನಮ್ಮನೆ ಗೋಡೆಗೆ ಬಾಯೂ ಬಂದಿದೆ ನೋಡು" ಎಂದು ನನ್ನ ಹತ್ತಿರ ನಕ್ಕಿದ್ದರು. ಆ ನಗುವಿಗೆ ಬೆಂಕಿ ಹಾಕಲಿ!

ಹೇಳಿಬಿಡುತ್ತೇನೆ ಎಂದು ಎರಡು ಸಲ ಹೋದೆ. ಎರಡನೆಯ ಸಲ ಭಾವ ನನ್ನನ್ನು ಬಾಗಿಲಲ್ಲೇ ಹಿಡಿದು, ಬಣ್ಣದ ಡಬ್ಬಿ ಕೈಗೆ ಕೊಟ್ಟು ಬೀದಿಗೆ ಕರೆದುಕೊಂಡು ಹೋದರು.

"ನನ್ನ ಕೆಲಸ ಹೋದ್ರೆ ಹೋಗ್ಲಿ ಭಾವ. ಅಕ್ಕ ನಿಮ್ಮನ್ನ ಏನಂತ ತಿಳ್ಕೊಂಡಿದ್ದಾಳೆ ಗೊತ್ತಾ? ಹೆತ್ತ ಮಗೂನ ನಗೆಪಾಟಲು ಮಾಡಿದ ಅಂತ."

"ಗೊತ್ತು. ಗಂಡನ ಮೇಲೆ ಸಿಟ್ಟಿದ್ರೂ ಸಂಸಾರ ನಡಿಯತ್ತೆ ಕಣೋ, ನೋಡು, ನಡೀತಾ ಇದೆ. ನಿನ್ನ ಮೇಲೆ ಸಿಟ್ಟಾದ್ರೆ ಅವಳಿಗೆ ತವರು ಅಂತ ಏನುಳಿಯತ್ತೆ? ಅಪ್ಪ ಇಲ್ಲ, ಅಮ್ಮ ಇಲ್ಲ, ಇರೋನು ನೀನೊಬ್ಬ."

"ಆದ್ರೂ..."

"ಮಗು ಮೊದಲೇ ಹೋಗಿದೆ. ತಮ್ಮನೂ ಬೇಡ. ಏಣಿ ಹಿಡ್ಕೋ."

ಹಿಡಿದುಕೊಂಡೆ. ಎಷ್ಟು ಸಲೀಸಾಗಿ ಹಿಡಿದುಕೊಂಡೆ ಎಂದರೆ ನನ್ನ ಕೈಗೆ ಇವತ್ತಿಗೂ ನಾಚಿಕೆಯಾಗಬೇಕು. ಭಾವ ದೊಡ್ಡ ಮನಸ್ಸಿನಿಂದ ಹೇಳಿದರು, ನಾನು ಸಣ್ಣ ಮನಸ್ಸಿನಿಂದ ಒಪ್ಪಿದೆ. ಇಬ್ಬರ ಮೌನ ಹೊರಗಿನಿಂದ ಒಂದೇ ಥರ ಕಾಣುತ್ತಿತ್ತು.

ಭಾವ ಆಮೇಲೆ ಪತ್ರಿಕೆಗೆ ಒಂದು ಗೆರೆಯೂ ಎಳೆಯಲಿಲ್ಲ. ಪತ್ರಿಕೆ ಎರಡು ವರ್ಷದಲ್ಲಿ ನಿಂತಿತು. ಅಚ್ಚುಕೂಟಕ್ಕೆ ಕಂಪ್ಯೂಟರು ಬಂದಿತು, ಬೀದಿಗೆ ಫ್ಲೆಕ್ಸು ಬಂದಿತು. ಒಂದೊಂದೇ ಬೋರ್ಡು ಇಳಿದು, ಅವರ ಅಕ್ಷರಗಳೆಲ್ಲ ಗುಜರಿ ಸೇರಿದವು. ಕೊನೆಗಾಲದಲ್ಲಿ ಅವರು ಮನೆ ನಂಬರು, ಗಾಡಿ ನಂಬರು ಬರೆಯುತ್ತಿದ್ದರು. ಕೈ ನಡುಗುತ್ತಿತ್ತು, ಎಂಟು ಬರೆಯಲು ಹೋದರೆ ಸೊನ್ನೆ ಎರಡಾಗುತ್ತಿತ್ತು. ಕಳೆದ ತಿಂಗಳು ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಅಕ್ಕ ಊಟಕ್ಕೆ ಬರೋರು ಬರಬಹುದು ಎಂದು ಮೂರು ಸಲ ಗೋಡೆಗೆ ಹೇಳಿದಳಂತೆ. ಆಮೇಲೆ ಹೋಗಿ ನೋಡಿದ್ದಾಳೆ.

ಮೊನ್ನೆ ಅಚ್ಚುಕೂಟದ ಹಳೆಯ ಸಾಮಾನು ತೂಕಕ್ಕೆ ಹಾಕುತ್ತಾರೆಂದು ಕೇಳಿ ಓಡಿದೆ. ಬ್ಲಾಕುಗಳ ಗೂಡಿನಲ್ಲಿ ಧೂಳು ಮೂಗಿಗೆ ಹೊಡೆಯುವವರೆಗೆ ತಡಕಿದಾಗ ಅದು ಸಿಕ್ಕಿತು. ಮೂಲೆಯಲ್ಲಿದ್ದ ಕೈಯೊತ್ತಿನ ಪ್ರೂಫ್ ಯಂತ್ರಕ್ಕೆ ಎಣ್ಣೆ ಬಿಟ್ಟು, ಮಸಿ ಕಲಸಿ, ಒಂದು ಪ್ರತಿ ತೆಗೆದೆ. ಈ ಸಲ ನನ್ನ ಕಣ್ಣಿಗೆ ಅದು ತಲೆಕೆಳಗಾಗಿಯೇ ಕಂಡಿತು. ಮೂರು ಸಲ ನೋಡಿ ಒತ್ತಿದೆ. ಕೆಳಗೆ ಭಾವನ ಹೆಸರನ್ನೂ ಮೊಳೆ ಜೋಡಿಸಿ ಹಾಕಿದೆ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಬೇಳೆಯ ಕಲ್ಲು ಆರಿಸುತ್ತಿದ್ದಳು. ಹಾಳೆಯನ್ನು ಅವಳ ಮುಂದೆ ಇಟ್ಟೆ. ಅವಳು ನೋಡಿದಳು. ಮೊರ ಪಕ್ಕಕ್ಕೆ ಸರಿಸಿದಳು.

"ಭಾವ ಬರೆದದ್ದು ಹೀಗೆ," ಎಂದೆ. "ತಲೆಕೆಳಗೆ ಹಾಕಿದ್ದು ನಾನು. ಅಚ್ಚುಕೂಟದಲ್ಲಿ. ನನ್ನ ಕೈತಪ್ಪು."

ಮಸಿ ಇನ್ನೂ ಹಸಿಯಾಗಿತ್ತು. ಬಲಗೈಯ ಬೆರಳನ್ನು ಒಂದು ದುಂಡು ಬಾಗಿಲಿನ ಮೇಲೆ ಇಟ್ಟಳು, ತಲೆಯ ಕಡೆಯದು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನನ್ನ ಕೆಲಸ ಹೋಗತ್ತೆ ಅಂತ ಅವತ್ತು ಹಾಗಂದ್ರು. ಆಮೇಲೆ... ನಿನಗೆ ತವರು ಇಲ್ಲದ ಹಾಗೆ ಆಗತ್ತೆ ಅಂತ ನನ್ನನ್ನ ಹೇಳೋಕೆ ಬಿಡಲಿಲ್ಲ."

"ಬಿಡಲಿಲ್ಲ," ಎಂದಳು ಅಕ್ಕ. "ನಿನಗೆ ಬಾಯಿ ಇರಲಿಲ್ವೇನೋ? ಇಸ್ತ್ರಿಪೆಟ್ಟಿಗೆ ಬಗ್ಗೆ ಅಷ್ಟು ಮಾತಾಡಿದ್ಯಲ್ಲೋ."

ಬಯ್ಯಲಿ, ಹೊಡೆಯಲಿ, ಮನೆಯಿಂದ ಆಚೆ ಹಾಕಲಿ ಎಂದು ಕಾದೆ. ಅವಳು ಹಾಳೆ ಎತ್ತಿಕೊಂಡು, ಗೋಡೆ ಹಿಡಿದು ಎದ್ದು, ಭಾವನ ಕೋಣೆಗೆ ಹೋದಳು. ಅಲ್ಲಿ ಕುಂಚಗಳು ಇನ್ನೂ ಸೀಮೆಎಣ್ಣೆಯ ಡಬ್ಬಿಯಲ್ಲೇ ನಿಂತಿದ್ದವು, ಅಂಗಿ ಮೊಳೆಗೆ ತೂಗುತ್ತಿತ್ತು.

"ರೀ," ಎಂದಳು ಒಳಗಿನಿಂದ.

ಹತ್ತೊಂಬತ್ತು ವರ್ಷ ಕೇಳದ ದನಿ. ಚಿಕ್ಕದಾಗಿ ಕಡಿದದ್ದಲ್ಲ, ಎಳೆದದ್ದಲ್ಲ, ಮೇಲಕ್ಕೆತ್ತಿದ್ದೂ ಅಲ್ಲ. ಇದು ಯಾವ ನಮೂನೆಯೆಂದು ಹೇಳಬಲ್ಲ ಮನುಷ್ಯ ಇರಲಿಲ್ಲ.

"ರೀ," ಎಂದಳು ಮತ್ತೆ, ಸ್ವಲ್ಪ ಗಟ್ಟಿಯಾಗಿ.

ನಾನು ಮೊರದ ಮುಂದೆ ಕುಳಿತು ಕೇಳುತ್ತಲೇ ಇದ್ದೆ. ಅವಳು ಕರೆಯುತ್ತಲೇ ಇದ್ದಳು.